ಸಾರ್ಕೋಮಾ ರೋಗಿಗೆ ಕ್ಲಿನಿಕಲ್ ಟ್ರಯಲ್: ಯಾವಾಗ ಕೇಳಬೇಕು, ಏನು ಕೇಳಬೇಕು?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಪೀಣ್ಯದಲ್ಲಿ ಕೆಲಸ. ಕಳೆದ ವರ್ಷ ಬಲ ತೊಡೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಬಯಾಪ್ಸಿಯಲ್ಲಿ ಸೈನೋವಿಯಲ್ ಸಾರ್ಕೋಮಾ ಅಂತ ಬಂತು. ಆಪರೇಷನ್, ರೇಡಿಯೇಷನ್ ಎರಡೂ ಆಗಿವೆ. ಈಗ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ಸಣ್ಣ ಗಂಟುಗಳು ಕಂಡಿವೆ. ಕೀಮೋ ಕೊಡೋಣ ಎಂದ ಡಾಕ್ಟರ್, ‘ಯಾವುದಾದರೂ ಟ್ರಯಲ್ ಇದ್ದರೆ ಅದನ್ನೂ ನೋಡಬಹುದು’ ಎಂದರು. ಅದನ್ನು ಕೇಳಿದಾಗಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಬೇರೆ ದಾರಿ ಇಲ್ಲದವರನ್ನು ಮಾತ್ರ ಟ್ರಯಲ್‌ಗೆ ಹಾಕ್ತಾರೆ, ನಮ್ಮ ಹುಡುಗನನ್ನು ಪ್ರಯೋಗಪಶು ಮಾಡ್ತಾರೆ ಅನ್ನೋದು ಅವರ ಭಯ. ಖಾಲಿ ಮಾತ್ರೆ ಕೊಟ್ಟು ನೋಡ್ತಾರಂತೆ, ನಿಜವಾ? ಖರ್ಚು ಯಾರದು? ಟ್ರಯಲ್ ಎಲ್ಲಿ ಹುಡುಕಬೇಕು?
– ಒಬ್ಬ ಅಕ್ಕ, ರಾಜಾಜಿನಗರ

ಉತ್ತರ: ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಟ್ರಯಲ್ ಅಂದರೆ ಒಂದು ಚಿಕಿತ್ಸೆ ಎಷ್ಟು ಫಲ ಕೊಡುತ್ತದೆ ಎಂದು ರೋಗಿಗಳ ಒಪ್ಪಿಗೆ ಪಡೆದು ನಿಯಮದ ಪ್ರಕಾರ ಪರೀಕ್ಷಿಸುವುದು. ಡಾಕ್ಟರ್ ಅದರ ಮಾತೆತ್ತಿದ್ದು ಕೈಚೆಲ್ಲಿದ್ದಕ್ಕಲ್ಲ. ಸಾರ್ಕೋಮಾ ನೋಡುವ ವೈದ್ಯರು ಈ ಮಾತನ್ನು ಶುರುವಿನಲ್ಲೇ ಎತ್ತಬೇಕು. ನಿಮ್ಮ ಡಾಕ್ಟರ್ ಕೀಮೋಗೆ ಮುಂಚೆಯೇ ಎತ್ತಿದ್ದಾರೆ. ಅದು ಒಳ್ಳೆಯದೇ ಆಯಿತು.

ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸಾಫ್ಟ್ ಟಿಶ್ಯೂ ಸಾರ್ಕೋಮಾ, ಅಂದರೆ ಸ್ನಾಯು, ಕೊಬ್ಬಿನಂಥ ಮೃದು ಭಾಗಗಳಲ್ಲಿ ಹುಟ್ಟುವ ಕ್ಯಾನ್ಸರ್, ಸುಮಾರು ನೂರಕ್ಕೆ ಒಂದು. ಆ ಒಂದರಲ್ಲೇ 70ಕ್ಕೂ ಹೆಚ್ಚು ಬಗೆಗಳಿವೆ. ಸೈನೋವಿಯಲ್‌ಗೆ ಹಿಡಿಸುವ ಔಷಧಿ ಇನ್ನೊಂದು ಬಗೆಯಾದ ಲೈಪೋಸಾರ್ಕೋಮಾಗೆ ಹಿಡಿಸದೇ ಇರಬಹುದು. ಇಷ್ಟು ಅಪರೂಪದ ಕಾಯಿಲೆಗೆ ಯಾವ ಚಿಕಿತ್ಸೆ ಸರಿ ಎಂದು ಗೊತ್ತಾಗುವುದು, ಬೇರೆ ಬೇರೆ ಊರಿನ ರೋಗಿಗಳು ಒಂದೇ ನಿಯಮದ ಕೆಳಗೆ ಚಿಕಿತ್ಸೆ ಪಡೆದು ಫಲಿತಾಂಶ ಹೋಲಿಸಿದಾಗ ಮಾತ್ರ.

ನಿಮ್ಮ ತಮ್ಮನ ಕಾಲನ್ನೇ ನೋಡಿ. ಐವತ್ತು ವರ್ಷದ ಹಿಂದೆ ತೊಡೆಯಲ್ಲಿ ಇಂಥ ಗಡ್ಡೆ ಬಂದರೆ ಎಷ್ಟೋ ಸಲ ಕಾಲನ್ನೇ ತೆಗೆಯುತ್ತಿದ್ದರು. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ 43 ಜನರ ಮೇಲೆ ಒಂದು ಟ್ರಯಲ್ ನಡೆಯಿತು. ಕೆಲವರಿಗೆ ಕೈ ಅಥವಾ ಕಾಲು ತೆಗೆದರು. ಉಳಿದವರಿಗೆ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರು. ಬದುಕುಳಿದ ಪ್ರಮಾಣದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 1982ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕಾಲು ಉಳಿಸಿ ಆಪರೇಷನ್ ಮಾಡಿ, ರೇಡಿಯೇಷನ್ ಕೊಡುವ ಧೈರ್ಯ ವೈದ್ಯರಿಗೆ ಬಂದದ್ದು ಅಂಥ ಕೆಲಸದಿಂದ. ಬರೀ 43 ಜನ! ಅವರು ಒಪ್ಪಿದ್ದರಿಂದ ಎಷ್ಟು ಜನರ ಕೈಕಾಲು ಉಳಿದಿದೆ ಎಂದು ನೆನೆದಾಗ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಇನ್ನು ‘ಕೊನೆಗೆ ನೋಡೋಣ’ ಅನ್ನುವ ವಿಚಾರ. ಹೆಚ್ಚಿನ ಕುಟುಂಬಗಳಿಗೆ ಅವಕಾಶ ತಪ್ಪುವುದು ಇಲ್ಲೇ. ಪ್ರತಿ ಟ್ರಯಲ್‌ಗೂ ಸೇರುವ ಷರತ್ತುಗಳಿರುತ್ತವೆ. ಕೆಲವಕ್ಕೆ ಇನ್ನೂ ಕೀಮೋ ಶುರುವಾಗದವರು ಬೇಕು. ಕೆಲವಕ್ಕೆ ಒಂದು ಕೀಮೋ ಫಲ ಕೊಡದೇ ಹೋದವರು ಬೇಕು. ಮೂರು ನಾಲ್ಕು ಬಗೆಯ ಔಷಧಿ ಆದಮೇಲೆ ಹೋದರೆ ಬಹಳಷ್ಟು ಬಾಗಿಲು ಮುಚ್ಚಿರುತ್ತವೆ. ಅಷ್ಟು ಹೊತ್ತಿಗೆ ಮೈಯೂ ಸೋತಿರುತ್ತದೆ. ತಾನೇ ಎದ್ದು ಓಡಾಡುವ, ತನ್ನ ಕೆಲಸ ತಾನು ಮಾಡಿಕೊಳ್ಳುವ ರೋಗಿಯನ್ನೇ ಹೆಚ್ಚಿನ ಟ್ರಯಲ್‌ಗಳು ಕೇಳುತ್ತವೆ. ಹಾಗಾಗಿ ಚಿಕಿತ್ಸೆ ಬದಲಾಗುವಾಗಲೆಲ್ಲ, ಹೊಸ ಔಷಧಿ ಶುರುವಾಗುವ ಮುಂಚೆ, ‘ಈ ಹಂತಕ್ಕೆ ಟ್ರಯಲ್ ಇದೆಯಾ?’ ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಡಾಕ್ಟರ್‌ಗೆ ಬೇಜಾರಾಗುತ್ತದೆ ಅಂದುಕೊಳ್ಳಬೇಡಿ. ಆದರೆ ಟ್ರಯಲ್ ಹುಡುಕುತ್ತಾ ಕೀಮೋವನ್ನು ತಿಂಗಳುಗಟ್ಟಲೆ ಮುಂದೂಡಲೂ ಬೇಡಿ. ಎಷ್ಟು ದಿನ ಕಾಯಬಹುದು ಎಂದು ಡಾಕ್ಟರನ್ನೇ ಕೇಳಿ, ಅಷ್ಟರಲ್ಲಿ ವಿಚಾರಿಸಿ.

ಇದರ ಜೊತೆ ಇನ್ನೆರಡು ಪ್ರಶ್ನೆ ಕೇಳಲೇಬೇಕು. ಗಂಟುಗಳು ಕೆಲವೇ ಇದ್ದರೆ ಆಪರೇಷನ್ ಮಾಡಿ ತೆಗೆಯಲು ಆಗುತ್ತದೆಯೇ? ಸಾರ್ಕೋಮಾದಲ್ಲಿ ಇದು ಕೆಲವರಿಗೆ ನಿಜವಾಗಿಯೂ ಸಾಧ್ಯ. ಎರಡನೆಯದು, ಹುಡುಗನಿಗೆ 29. ಮುಂದೆ ಮಕ್ಕಳು ಬೇಕು ಅನ್ನಿಸಿದರೆ ಕೀಮೋ ಶುರುವಾಗುವ ಮೊದಲೇ ವೀರ್ಯ ಶೇಖರಿಸಿಡಬೇಕು. ನಮ್ಮಲ್ಲಿ ಸಂಕೋಚದಿಂದ ಇದನ್ನು ಯಾರೂ ಎತ್ತುವುದಿಲ್ಲ. ನೀವು ಅಕ್ಕ, ನೀವೇ ಎತ್ತಿ.

ಈಗ ಫೈಲ್ ವಿಷಯ. ಸೈನೋವಿಯಲ್ ಸಾರ್ಕೋಮಾದಲ್ಲಿ ಎಸ್‌ಎಸ್18 ಎಂಬ ಜೀನ್ ಬೇರೊಂದು ಜೀನ್ ಜೊತೆ ಅಂಟಿಕೊಂಡಿರುತ್ತದೆ. ಆ ಪರೀಕ್ಷೆ ಆಗಿದೆಯಾ ನೋಡಿ. ಸಾರ್ಕೋಮಾದಲ್ಲಿ ಪಳಗಿದ ಪೆಥಾಲಜಿಸ್ಟ್ ಮತ್ತೊಮ್ಮೆ ಸ್ಲೈಡ್ ನೋಡಿದಾಗ ಕಾಯಿಲೆಯ ಹೆಸರೇ ಬದಲಾಗುವುದುಂಟು. ಹೆಸರು ಬದಲಾದರೆ ಟ್ರಯಲ್ ಕೂಡ ಬದಲಾಗುತ್ತದೆ. ಇದಕ್ಕೆಲ್ಲ ‘ಬ್ಲಾಕ್’ ಬೇಕು. ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಪ್ಲಾಸ್ಟಿಕ್ ಬಿಲ್ಲೆಗೆ ಕೂರಿಸಿ, ಅಂಚಿನಲ್ಲಿ ನಂಬರ್ ಬರೆದಿರುತ್ತಾರೆ. ಬೆರಳುದ್ದದ ಆ ತುಂಡೇ ನಿಮ್ಮ ತಮ್ಮನ ಕಾಯಿಲೆಯ ಮೂಲ ದಾಖಲೆ. ಆಪರೇಷನ್ ಆದ ಆಸ್ಪತ್ರೆಯ ಲ್ಯಾಬ್‌ನಲ್ಲಿ ಅರ್ಜಿ ಕೊಟ್ಟರೆ ಕೊಡುತ್ತಾರೆ. ಬ್ಲಾಕ್ ಮೇಲಿನ ನಂಬರ್, ರಿಪೋರ್ಟ್‌ನಲ್ಲಿರುವ ನಂಬರ್ ಒಂದೇನಾ ಅಂತ ಕೌಂಟರ್‌ನಲ್ಲೇ ತಾಳೆ ನೋಡಿ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ, ಮೇಣ ಕರಗಬಹುದು.

ಕೀಮೋ ಶುರುವಾದರೆ ಪ್ರತಿ ಸಲ ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿ ಎಷ್ಟು ಮಿಲಿಗ್ರಾಂ ಹೋಯಿತು ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಆ ಔಷಧಿಯಿಂದ ಹೃದಯಕ್ಕೆ ತೊಂದರೆ ಆಗಬಹುದು. ಅದಕ್ಕೇ ಜೀವಮಾನಕ್ಕೆ ಇಷ್ಟೇ ಎಂಬ ಮಿತಿ ಇದೆ. ಹಳೆಯ ಲೆಕ್ಕ ಸಿಗದೇ ಹೋದರೆ ಮುಂದಿನ ಟ್ರಯಲ್‌ಗೆ ತೊಡಕಾಗುತ್ತದೆ. ಮತ್ತೊಂದು, ಯಾರೋ ಹೇಳಿದರು ಅಂತ ನಾಟಿ ಔಷಧಿ ತರಿಸಿದ್ದರೆ ಡಾಕ್ಟರ್‌ಗೆ ಮುಚ್ಚಿಡಬೇಡಿ. ಬೈಯುತ್ತಾರೆ ಎಂಬ ಹೆದರಿಕೆಗೆ ಎಷ್ಟೋ ಮನೆಯವರು ಹೇಳುವುದಿಲ್ಲ. ಅದರಿಂದ ಲಿವರ್ ಪರೀಕ್ಷೆ ಏರುಪೇರಾದರೆ ಟ್ರಯಲ್ ಕೈತಪ್ಪಬಹುದು.

ಖಾಲಿ ಮಾತ್ರೆಯ ಪ್ರಶ್ನೆಗೆ ಬರೋಣ. ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಹೊಸ ಔಷಧಿಯನ್ನು ಈಗಿರುವ ಒಳ್ಳೆಯ ಚಿಕಿತ್ಸೆಯ ಜೊತೆ ಹೋಲಿಸುತ್ತಾರೆ. ಚಿಕಿತ್ಸೆ ಇದ್ದೂ ಅದನ್ನು ತಪ್ಪಿಸಿ ಬರೀ ಖಾಲಿ ಮಾತ್ರೆ ಕೊಡುವುದು ಸರಿಯಲ್ಲ, ಟ್ರಯಲ್‌ನಲ್ಲಿ ರೋಗಿಗೆ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿ ಅದಕ್ಕೆ ಒಪ್ಪಬಾರದು. ಆದರೆ ಖಾಲಿ ಮಾತ್ರೆ ಇರುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಪಜೋಪನಿಬ್ ಎಂಬ ಮಾತ್ರೆಯ ಟ್ರಯಲ್‌ನಲ್ಲಿ ಕೀಮೋ ಫಲಿಸದವರನ್ನು ಸೇರಿಸಿಕೊಂಡರು. ಮೂವರಲ್ಲಿ ಇಬ್ಬರಿಗೆ ಔಷಧಿ, ಒಬ್ಬರಿಗೆ ಖಾಲಿ ಮಾತ್ರೆ. 2012ರಲ್ಲಿ ಬಂದ ಫಲಿತಾಂಶದ ಪ್ರಕಾರ ಔಷಧಿ ತೆಗೆದುಕೊಂಡವರಲ್ಲಿ ಕಾಯಿಲೆ ಸುಮಾರು 4.6 ತಿಂಗಳು ಹತೋಟಿಯಲ್ಲಿತ್ತು, ಉಳಿದವರಲ್ಲಿ 1.6 ತಿಂಗಳು. ಆ ಮಾತ್ರೆ ಈಗ ನಮ್ಮಲ್ಲೂ ಬಳಕೆಯಲ್ಲಿದೆ. ನಿಮ್ಮ ಮುಂದೆ ಬರುವ ಟ್ರಯಲ್‌ನಲ್ಲಿ ಯಾವ ಗುಂಪಿಗೆ ಏನು ಕೊಡುತ್ತಾರೆ ಎಂಬುದು ಸಮ್ಮತಿ ಪತ್ರದಲ್ಲಿ ಬರೆದಿರಲೇಬೇಕು. ಯಾವ ಗುಂಪು ಎಂದು ಆರಿಸುವುದು ಡಾಕ್ಟರ್ ಅಲ್ಲ, ಕಂಪ್ಯೂಟರ್.

ಹೊಸದೆಂದರೆ ಒಳ್ಳೆಯದೇ ಅಂತಲೂ ಅಲ್ಲ. ಓಲಾರಟುಮ್ಯಾಬ್ ಎಂಬ ಔಷಧಿ 133 ಜನರ ಟ್ರಯಲ್‌ನಲ್ಲಿ ಬೆರಗು ಹುಟ್ಟಿಸಿತು. ಡಾಕ್ಸೊರುಬಿಸಿನ್ ಒಂದನ್ನೇ ಪಡೆದವರು ಸರಾಸರಿ 15 ತಿಂಗಳ ಹತ್ತಿರ ಬದುಕಿದರೆ, ಇದನ್ನೂ ಸೇರಿಸಿ ಪಡೆದವರು 26 ತಿಂಗಳು ದಾಟಿದರು. 2016ರಲ್ಲಿ ಅಮೆರಿಕ ತ್ವರಿತ ಅನುಮತಿ ಕೊಟ್ಟಿತು. ಆಮೇಲೆ 509 ಜನರ ದೊಡ್ಡ ಟ್ರಯಲ್ ನಡೆಯಿತು. 2019ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪು ಒಂದೇ, 20 ತಿಂಗಳ ಆಸುಪಾಸು. ಔಷಧಿ ಮಾರುಕಟ್ಟೆಯಿಂದ ಹೋಯಿತು. ನಮ್ಮ ಕ್ಷೇತ್ರದವರಿಗೆಲ್ಲ ಅದೊಂದು ಪೆಟ್ಟು. ತಮ್ಮನಿಗೆ ಟ್ರಯಲ್‌ನಿಂದ ಲಾಭ ಆಗಬಹುದು, ಆಗದೆಯೂ ಇರಬಹುದು. ಆಗೇ ಆಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಅನುಮಾನ ಪಡಿ.

ಸೈನೋವಿಯಲ್ ಸಾರ್ಕೋಮಾಗೆ ಸಂಬಂಧಿಸಿದ ಸಂತೋಷದ ಸುದ್ದಿಯೂ ಇದೆ. ರೋಗಿಯದೇ ರಕ್ತದಿಂದ ಟಿ ಕಣಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ತೆಗೆದು, ಕ್ಯಾನ್ಸರ್ ಗುರುತಿಸುವಂತೆ ತಿದ್ದಿ, ಮತ್ತೆ ದೇಹಕ್ಕೆ ಬಿಡುವ ಅಫಾಮಿ-ಸೆಲ್ ಎಂಬ ಚಿಕಿತ್ಸೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಟ್ರಯಲ್‌ನ 44 ರೋಗಿಗಳಲ್ಲಿ ಸುಮಾರು 43 ಶೇಕಡಾ ಜನರ ಗಡ್ಡೆ ಗಣನೀಯವಾಗಿ ಕುಗ್ಗಿತು. ಇದು ಎಲ್ಲರಿಗೂ ಆಗುವುದಿಲ್ಲ. ಮೊದಲು ಕೀಮೋ ಆಗಿರಬೇಕು. ರಕ್ತದ ಗುಂಪಿನ ಹಾಗೆ ಜೀವಕೋಶಗಳಿಗೂ ಇರುವ ಎಚ್‌ಎಲ್‌ಎ ಎಂಬ ಗುಂಪು ಹೊಂದಬೇಕು. ಗಡ್ಡೆಯಲ್ಲಿ ಮೇಜ್-ಎ4 ಎಂಬ ಪ್ರೋಟೀನ್ ಇರಬೇಕು. ಅದನ್ನು ಪರೀಕ್ಷಿಸಲೂ ಬೇಕಾದದ್ದು ಅದೇ ಬ್ಲಾಕ್.

ಅಮ್ಮನ ‘ಪ್ರಯೋಗಪಶು’ ಭಯವನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ನಮ್ಮ ದೇಶದಲ್ಲಿ ಬಡವರಿಗೆ ತಿಳಿಸದೆಯೇ ಟ್ರಯಲ್‌ಗೆ ಸೇರಿಸಿದ ದೂರುಗಳು ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದವು. 2013ರಲ್ಲಿ ನಿಯಮ ಬಿಗಿಯಾಯಿತು, 2019ರಲ್ಲಿ ಹೊಸ ನಿಯಮಾವಳಿಯೇ ಬಂತು. ಅದರ ಪ್ರಕಾರ ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರು, ನಮ್ಮ ನಿಮ್ಮಂಥ ಸಾಮಾನ್ಯರೂ ಇರಬೇಕು. ಅರ್ಧದಷ್ಟು ಸದಸ್ಯರು ಆ ಆಸ್ಪತ್ರೆಗೆ ಸೇರದವರಾಗಿರಬೇಕು. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ತೊಂದರೆಗೆ ಟ್ರಯಲ್ಲೇ ಕಾರಣ ಎಂದಾದರೆ ಪರಿಹಾರವೂ ಉಂಟು. ಕಾಯಿಲೆ ತಾನಾಗಿ ಜಾಸ್ತಿಯಾದರೆ ಈ ಪರಿಹಾರ ಸಿಗುವುದಿಲ್ಲ, ಅದನ್ನೂ ತಿಳಿದಿರಿ. ಯಾವಾಗ ಬೇಕಾದರೂ ಹೊರಬರಬಹುದು. ಹೊರಬಂದಿದ್ದಕ್ಕೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಸಮ್ಮತಿ ಪತ್ರವನ್ನು ಕನ್ನಡದಲ್ಲೇ ಕೇಳಿ. ಅದು ನಿಮ್ಮ ಹಕ್ಕು. ಅಲ್ಲೇ ಸಹಿ ಹಾಕಬೇಡಿ, ಮನೆಗೆ ತಂದು ಅಮ್ಮನ ಮುಂದೆ ಓದಿ. ಅದರಲ್ಲಿ ಭೇಟಿಗಳ ವಿವರ ಇರುತ್ತದೆ: ದಿನ 1, ದಿನ 8, ದಿನ 15, ಯಾವತ್ತು ರಕ್ತ, ಯಾವತ್ತು ಎಕೋ (ಹೃದಯದ ಸ್ಕ್ಯಾನ್), ಯಾವತ್ತು ಸ್ಕ್ಯಾನ್. ಪೆನ್ಸಿಲ್ ಹಿಡಿದು ಒಂದೊಂದರ ಮುಂದೆಯೂ ‘ದುಡ್ಡು ಯಾರದು?’ ಎಂದು ಬರೆಯಿರಿ. ಸಂಶೋಧನೆಗೆಂದೇ ಮಾಡುವ ಪರೀಕ್ಷೆಗಳ ಖರ್ಚನ್ನು ರೋಗಿಯ ಮೇಲೆ ಹೊರಿಸಬಾರದು ಎಂದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಹೇಳುತ್ತದೆ. ಮಾಮೂಲಿ ಚಿಕಿತ್ಸೆಯ ಭಾಗ ಮಾತ್ರ ನಿಮ್ಮ ಪಾಲಿಗೆ ಬರಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆ ಭಾಗಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಆಗುತ್ತದಾ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಓಡಾಟದ ಖರ್ಚು ಕೊಡುತ್ತಾರಾ ಎಂದೂ ಕೇಳಿ, ನಾಚಿಕೆ ಬೇಡ. ಪೀಣ್ಯದಲ್ಲಿ ರಜೆ ಹಾಕಿದರೆ ಸಂಬಳ ಕಟ್ ಆಗುತ್ತದೆ, ಅಲ್ವಾ? ವಾರಕ್ಕೊಮ್ಮೆ ಬರಬೇಕಾದ ಟ್ರಯಲ್‌ಗೂ ಮೂರು ವಾರಕ್ಕೊಮ್ಮೆ ಬರಬೇಕಾದ ಟ್ರಯಲ್‌ಗೂ ಮನೆ ಲೆಕ್ಕದಲ್ಲಿ ಬಹಳ ವ್ಯತ್ಯಾಸ.

ಹುಡುಕುವುದು ಕಷ್ಟವಲ್ಲ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ, ಅಂದರೆ ಸಿಟಿಆರ್‌ಐ, ಸರ್ಕಾರದ ಪಟ್ಟಿ. 2009ರಿಂದ ಔಷಧಿ ಟ್ರಯಲ್‌ಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ‘ಸಾರ್ಕೋಮಾ’ ಎಂದೂ, ‘ಸೈನೋವಿಯಲ್’ ಎಂದೂ, ‘ಸಾಲಿಡ್ ಟ್ಯೂಮರ್’ ಎಂದೂ ಇಂಗ್ಲಿಷ್‌ನಲ್ಲಿ ಬೇರೆ ಬೇರೆಯಾಗಿ ಹುಡುಕಿ. ಮೊದಲ ಹಂತದ ಟ್ರಯಲ್‌ಗಳು ಮೂರನೇ ಹೆಸರಿನಲ್ಲೇ ಅಡಗಿರುತ್ತವೆ. ಈಗ ಜನರನ್ನು ಸೇರಿಸಿಕೊಳ್ಳುತ್ತಿದ್ದಾರಾ, ಯಾವ ಆಸ್ಪತ್ರೆ, ಯಾರನ್ನು ಸಂಪರ್ಕಿಸಬೇಕು ಎಲ್ಲ ಅಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ಸೇಂಟ್ ಜಾನ್ಸ್ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಇಲ್ಲಿ ಸಿಗದಿದ್ದರೆ ಮುಂಬೈನ ಟಾಟಾ ಮೆಮೋರಿಯಲ್, ವೆಲ್ಲೂರಿನ ಸಿಎಂಸಿ. ಸೈನೋವಿಯಲ್‌ಗೆಂದೇ ಟ್ರಯಲ್ ಸಿಗದೇ ಹೋಗುವ ಸಾಧ್ಯತೆ ಜಾಸ್ತಿ. ಆಗ ಡಾಕ್ಟರ್ ಹೇಳಿದ ಕೀಮೋ ಕಡಿಮೆಯದು ಅಂತ ಭಾವಿಸಬೇಡಿ. ಐಫಾಸ್ಫಮೈಡ್ ಎಂಬ ಕೀಮೋ ಔಷಧಿಗೆ ಸೈನೋವಿಯಲ್ ಸಾರ್ಕೋಮಾ ಬೇರೆ ಹಲವು ಬಗೆಗಳಿಗಿಂತ ಚೆನ್ನಾಗಿ ಬಗ್ಗುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ, ಲಿಯೋಮಯೋಸಾರ್ಕೋಮಾ. ಸಕ್ಕರೆ ಕಾಯಿಲೆಯೂ ಇದೆ. ಟ್ರಯಲ್‌ಗೆ ತೆಗೆದುಕೊಳ್ಳುತ್ತಾರಾ?
– ಯಲಹಂಕದಿಂದ ಒಬ್ಬ ಓದುಗರು

ಉತ್ತರ: ವಯಸ್ಸೊಂದೇ ಅಡ್ಡಿಯಾಗುವುದು ಕಡಿಮೆ. ಸಕ್ಕರೆ ಹತೋಟಿಯಲ್ಲಿದ್ದರೆ ಬಹಳಷ್ಟು ಟ್ರಯಲ್‌ಗಳು ಒಪ್ಪುತ್ತವೆ. ಕಿಡ್ನಿ, ಹೃದಯ ಹೇಗಿವೆ, ದಿನದ ಹೆಚ್ಚಿನ ಹೊತ್ತು ಎದ್ದಿರುತ್ತಾರಾ ಎಂಬುದು ಮುಖ್ಯ. ಟ್ರಯಲ್ ಇಲ್ಲದಿದ್ದರೂ ಒಂದು ಮಾತು ಕೇಳಿ: ಸಾರ್ಕೋಮಾದ ಈ ಬಗೆಯಲ್ಲಿ ಡಾಕ್ಸೊರುಬಿಸಿನ್ ಜೊತೆ ಟ್ರಾಬೆಕ್ಟೆಡಿನ್ ಎಂಬ ಔಷಧಿ ಸೇರಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಫ್ರಾನ್ಸ್‌ನ ಟ್ರಯಲ್ ತೋರಿಸಿದೆ, ಸುಮಾರು 24 ತಿಂಗಳಿದ್ದದ್ದು 33 ಆಗಿದೆ. ಅಡ್ಡಪರಿಣಾಮ ಜಾಸ್ತಿ. ತಾಯಿಯ ಮೈ ತಡೆಯುತ್ತದಾ ಎಂಬುದನ್ನು ಅವರನ್ನು ನೋಡುವ ಡಾಕ್ಟರೇ ಹೇಳಬೇಕು.

ಪ್ರಶ್ನೆ: ಒಂದು ಕ್ಲಿನಿಕ್‌ನವರು ನನ್ನ ಮಗನ ಸಾರ್ಕೋಮಾಗೆ ‘ಸ್ಟೆಮ್ ಸೆಲ್ ಟ್ರಯಲ್’ ಇದೆ, ನಾಲ್ಕು ಲಕ್ಷ ಕಟ್ಟಿ ಅಂದಿದ್ದಾರೆ. ಕಟ್ಟಬಹುದಾ?
– ಜಯನಗರದಿಂದ ಒಬ್ಬ ತಂದೆ

ಉತ್ತರ: ಕಟ್ಟಬೇಡಿ. ಪರೀಕ್ಷೆಯಲ್ಲಿರುವ ಔಷಧಿಯನ್ನು ದುಡ್ಡಿಗೆ ಮಾರುವುದು ಟ್ರಯಲ್ ಅಲ್ಲ. ಅವರ ಹತ್ತಿರ ಸಿಟಿಆರ್‌ಐ ನಂಬರ್ ಮತ್ತು ಎಥಿಕ್ಸ್ ಕಮಿಟಿಯ ಅನುಮತಿ ಪತ್ರ ಕೇಳಿ. ನಂಬರ್ ಕೊಟ್ಟರೆ ನೀವೇ ಪಟ್ಟಿಯಲ್ಲಿ ಹಾಕಿ ನೋಡಿ, ಆ ಕ್ಲಿನಿಕ್‌ನ ಹೆಸರು ಅಲ್ಲಿರಬೇಕು. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಸರ್ಕಾರ ಆ ಚಿಕಿತ್ಸೆಯನ್ನು ಒಪ್ಪಿದೆ ಎಂದಲ್ಲ, ಆದರೆ ಇಲ್ಲದಿದ್ದರೆ ಮಾತೇ ಮುಗಿಯಿತು. ಮುಂಗಡ ಕೊಟ್ಟಾಗಿದ್ದರೆ ರಸೀದಿ ಜೋಪಾನ ಮಾಡಿ. ಮಗನ ಫೈಲ್ ಹಿಡಿದು ಈ ವಾರವೇ ಕ್ಯಾನ್ಸರ್ ಆಸ್ಪತ್ರೆಯ ಸಾರ್ಕೋಮಾ ತಂಡಕ್ಕೆ ತೋರಿಸಿ.