ಹೊಣೆ ನಿಮ್ಮ ತಲೆಗೆ, ಬೀಗದ ಕೈ ಇನ್ನೊಬ್ಬರ ಹತ್ತಿರ

ಪ್ರಶ್ನೆ: ನನಗೆ 39 ವರ್ಷ. ತುಮಕೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮ್ಯಾನೇಜರ್. ನರ್ಸ್ ರಜೆ ಹಾಕಿದರೂ, ಬಿಲ್ ನೋಡಿ ಯಾರಾದರೂ ಕೂಗಾಡಿದರೂ, ರೋಗಿಯ ವಿಮೆ ಕ್ಲೇಮ್ ರಿಜೆಕ್ಟ್ ಆದರೂ ಫೋನ್ ಬರುವುದು ನನಗೇ. ಆದರೆ ಸತ್ತವರ ಮನೆಯವರಿಗೆ 2 ಸಾವಿರ ರೂಪಾಯಿ ಬಿಡಬೇಕೆಂದರೂ ಮಾಲೀಕರನ್ನು ಕೇಳಬೇಕು. ರಾತ್ರಿ ಮೊಬೈಲ್ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಮಗಳು, ‘ಅಮ್ಮ, ಮನೇಲೂ ಆಸ್ಪತ್ರೆ ಥರಾನೇ ಮಾತಾಡ್ತೀಯ’ ಎಂದಳು. ಗಂಡ ಕೆಲಸ ಬಿಡು ಅನ್ನುತ್ತಾರೆ. ಮನೆ ಸಾಲದ ಕಂತು ಇದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇ?

ಉತ್ತರ: ಆ 2 ಸಾವಿರದ ಮಾತನ್ನು ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಅಳುತ್ತಿರುವವರ ಎದುರು ನಿಲ್ಲಬೇಕಾದವರು ನೀವು, ಅವರಿಗೆ ಏನನ್ನೂ ಕೊಡಲಾಗದವರೂ ನೀವೇ. ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ವಿವರಿಸಿದ್ದು ಇಂಥ ಕೆಲಸವನ್ನೇ: ಒತ್ತಡ ಬೆಟ್ಟದಷ್ಟು, ನಿರ್ಧರಿಸುವ ಸ್ವಾತಂತ್ರ್ಯ ಸಾಸಿವೆಯಷ್ಟು. ಮನುಷ್ಯರನ್ನು ಅತಿ ಹೆಚ್ಚು ಹಿಂಡುವುದು ಈ ಜೋಡಿ. ಲಾಯಕ್ಕಿನ ಮಾತು ಇಲ್ಲಿ ಬರುವುದೇ ಇಲ್ಲ.

ನಿಮ್ಮ ಊರಿನಲ್ಲಿ ಇದು ಇನ್ನಷ್ಟು ಬಿಗಿ. ತರಬೇತಾದ ನರ್ಸ್ ಸಂಬಳ ಹೆಚ್ಚೆಂದು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋದರೆ ಉಳಿದವರಿಗೆ ಡಬಲ್ ಡ್ಯೂಟಿ, ಅವರ ಸಿಟ್ಟು ನಿಮ್ಮ ಮೇಲೆ. ರಾತ್ರಿ ಹೆದ್ದಾರಿಯಿಂದ ಅಪಘಾತದ ಗಾಯಾಳು ಬರುತ್ತಾರೆ. ಮೊದಲು ಚಿಕಿತ್ಸೆ, ಮಿಕ್ಕದ್ದು ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ, ನೀವೂ ಹಾಗೇ ಮಾಡುತ್ತೀರಿ. ಬೆಳಿಗ್ಗೆ ‘ಅಡ್ವಾನ್ಸ್ ಯಾಕೆ ಕಟ್ಟಿಸಲಿಲ್ಲ’ ಎಂದು ಕೇಳಿಸಿಕೊಳ್ಳುವವರೂ ನೀವೇ. ಕ್ಲೇಮ್ ತಳ್ಳಿದವರು ಎಲ್ಲೋ ಇರುತ್ತಾರೆ. ರೋಗಿಯ ಅಣ್ಣನಿಗೆ ಕಾಣುವುದು ನಿಮ್ಮ ಮುಖ ಮಾತ್ರ.

ಕೆಲಸ ಬಿಡುವ ಮಾತನ್ನು ಎರಡು ತಿಂಗಳು ಪಕ್ಕಕ್ಕಿಡಿ. ಒಂದು ಚಿಕ್ಕ ನೋಟ್‌ಬುಕ್ ತಗೊಳ್ಳಿ. ಹದಿನೈದು ದಿನ, ಡ್ಯೂಟಿ ಮುಗಿದ ಮೇಲೆ ಬಂದ ಪ್ರತಿ ಕರೆಯನ್ನೂ ಬರೆಯಿರಿ: ಯಾರು, ಯಾತಕ್ಕೆ, ಅಲ್ಲಿದ್ದವರೇ ತೀರ್ಮಾನಿಸಬಹುದಿತ್ತೇ? ಆ ಪುಸ್ತಕ ಹಿಡಿದು ಮಾಲೀಕರ ಮುಂದೆ ಕೂತುಕೊಳ್ಳಿ. ‘ನನಗೆ ಸುಸ್ತಾಗಿದೆ’ ಎಂದರೆ ರಜೆ ಹಾಕು ಎನ್ನುತ್ತಾರೆ. ‘ಇಷ್ಟು ಮೊತ್ತದವರೆಗೆ ರಿಯಾಯಿತಿ ಕೊಡುವ ಅಧಿಕಾರವನ್ನು ಬರವಣಿಗೆಯಲ್ಲಿ ಕೊಡಿ, ರಾತ್ರಿಗೆ ಸರದಿಯ ಮೇಲೆ ಡ್ಯೂಟಿ ಮ್ಯಾನೇಜರ್ ಇರಲಿ’ ಎಂದರೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಇಲ್ಲ ಎಂದರೆ, ಈ ಸಂಬಳ ಕೈಯಲ್ಲಿರುವಾಗಲೇ ಬೇರೆ ಕಡೆ ಅರ್ಜಿ ಹಾಕಿ.

ಎದೆ ಬಡಿತವನ್ನು ಮಾತ್ರ ಕಡೆಗಣಿಸಬೇಡಿ. ಆಸ್ಪತ್ರೆಯಲ್ಲೇ ದಿನ ಕಳೆಯುವವರು ತಮ್ಮ ಬಿಪಿ ನೋಡಿಸಿಕೊಳ್ಳುವುದು ಎಲ್ಲರಿಗಿಂತ ಕೊನೆಗೆ, ಅದು ನನಗೆ ನಿಜಕ್ಕೂ ನೋವಿನ ಸಂಗತಿ. ಇದೇ ವಾರ ವೈದ್ಯರಿಗೆ ತೋರಿಸಿ. ನಿದ್ದೆಯಿಲ್ಲದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಭಾನುವಾರ ಸಂಜೆ ಮೊಬೈಲನ್ನು ಗಂಡನ ಕೈಗೆ ಕೊಟ್ಟು ಮಗಳ ಜೊತೆ ಅಮಾನಿಕೆರೆ ಕಡೆ ನಡೆದು ಬನ್ನಿ. ಆಸ್ಪತ್ರೆಯಿಂದ ಫೋನ್ ಬಂದರೆ ಅವರೇ ಎತ್ತಿ, ‘ಒಂದು ಗಂಟೆ ಬಿಟ್ಟು ಮಾಡಿ’ ಎನ್ನಲಿ.