ಗಿಳಿಮೀನಿಗೆ ಎರಡು ಕಡೆ ಹಲ್ಲು

ಪ್ರಶ್ನೆ: ರಾಯಚೂರಿನ ಅಕ್ವೇರಿಯಂ ಅಂಗಡಿಯಿಂದ ಕಿತ್ತಳೆ ಬಣ್ಣದ ಎರಡು ಗುಂಡನೆಯ ‘ಪ್ಯಾರೆಟ್ ಫಿಶ್’ ತಂದಿದ್ದೇನೆ. ಹವಳವನ್ನು ಕಡಿದು ಮರಳು ಮಾಡುತ್ತದೆ ಎನ್ನುವ ಗಿಳಿಮೀನು ಇದೇ ಏನು? ತೊಟ್ಟಿಯಲ್ಲಿ ಹವಳದ ತುಂಡು ಇಡಬೇಕೇ?
– ಓದುಗರು, ಸಿಂಧನೂರು

ಉತ್ತರ: ಇಡಬೇಕಾಗಿಲ್ಲ. ನೀವು ತಂದಿರುವುದು ಸಿಹಿನೀರಿನ ಸಿಕ್ಲಿಡ್ ಮೀನುಗಳನ್ನು ಬೆರೆಸಿ ಪಡೆದ ಮಿಶ್ರತಳಿ. ಅದು ಯಾವ ಸಮುದ್ರದಲ್ಲೂ ಇಲ್ಲ. ಅದರ ಬಾಯಿ ಸಣ್ಣ ಸೀಳಿನಂತಿದ್ದು ಸರಿಯಾಗಿ ಮುಚ್ಚುವುದಿಲ್ಲವಾದ್ದರಿಂದ, ನೀರಿನಲ್ಲಿ ಮುಳುಗುವ ಸಣ್ಣ ಕಾಳಿನಂತಹ ಆಹಾರವನ್ನು ಹಾಕಿ. ಹೆಸರೊಂದೇ ಆಗಿರುವುದರಿಂದ ಈ ಗೊಂದಲ ಅನೇಕರಿಗೆ ಆಗುತ್ತದೆ.

ನಿಜವಾದ ಗಿಳಿಮೀನು ಉಷ್ಣವಲಯದ ಆಳವಿಲ್ಲದ ಕಡಲಿನ ಹವಳದ ದಿಬ್ಬಗಳಲ್ಲಿ ಬದುಕುತ್ತದೆ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಗಳಲ್ಲಿ ಮಾತ್ರವಲ್ಲ, ನಮ್ಮದೇ ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿಯೂ ಅದು ಕಾಣಸಿಗುತ್ತದೆ. ಅನೇಕ ಜಾತಿಗಳಲ್ಲಿ ಮರಿಗಳೂ ಹೆಣ್ಣುಗಳೂ ಮಾಸಲು ಕಂದು ಅಥವಾ ಬೂದು ಬಣ್ಣದವು. ಹೆಣ್ಣೇ ಮುಂದೆ ಗಂಡಾಗಿ ಬದಲಾದಾಗ ಹಸಿರು, ನೀಲಿ, ಗುಲಾಬಿ ಬಣ್ಣಗಳು ಮೂಡುತ್ತವೆ. ಹಿಂದಿನ ಪ್ರಾಣಿಶಾಸ್ತ್ರಜ್ಞರು ಒಂದೇ ಜಾತಿಯ ಹೆಣ್ಣು–ಗಂಡುಗಳನ್ನು ಎರಡು ಜಾತಿಗಳೆಂದು ಬರೆದಿಟ್ಟದ್ದು ಇದರಿಂದಲೇ. ಕೆಲವು ಜಾತಿಗಳು ರಾತ್ರಿ ಮೈಸುತ್ತ ಲೋಳೆಯ ಚೀಲ ಕಟ್ಟಿಕೊಂಡು, ರಕ್ತ ಹೀರುವ ಪರಾವಲಂಬಿಗಳಿಂದ ಪಾರಾಗಿ ಮಲಗುತ್ತವೆ.

ಅದರ ದವಡೆಯ ಹಲ್ಲುಗಳು ಒತ್ತೊತ್ತಾಗಿ ಬೆಸೆದು ಗಿಳಿಯ ಕೊಕ್ಕಿನಂತಾಗಿವೆ. ಆ ಕೊಕ್ಕಿನಿಂದ ಬಂಡೆಯನ್ನು ಕೆರೆದಾಗ ಬಿಳಿಯ ಗೀರುಗಳು ಉಳಿಯುತ್ತವೆ. ಆದರೆ ಹೆಚ್ಚಿನ ಜಾತಿಗಳಿಗೆ ಬೇಕಾಗಿರುವುದು ಹವಳವಲ್ಲ, ಸತ್ತ ಹವಳದ ಸುಣ್ಣಗಲ್ಲಿನ ಮೇಲೂ ಒಳಗೂ ಬೆಳೆದ ಪಾಚಿ ಮತ್ತು ಸೂಕ್ಷ್ಮಜೀವಿಗಳು. ಕಲ್ಲನ್ನು ಬಿಟ್ಟು ಅದನ್ನಷ್ಟೇ ತಿನ್ನಲು ಸಾಧ್ಯವಿಲ್ಲದ ಕಾರಣ, ಎಲ್ಲವನ್ನೂ ಗಂಟಲಿನಲ್ಲಿರುವ ಎರಡನೆಯ ಜೊತೆ ಹಲ್ಲುಗಳ ನಡುವೆ, ಬೀಸುವ ಕಲ್ಲಿಗೆ ಹಾಕಿದಂತೆ, ಅರೆದು ನುಂಗುತ್ತದೆ. ಅದಕ್ಕೆ ಜಠರವೇ ಇಲ್ಲ. ಸಾರ ಕರುಳಿನಲ್ಲಿ ಇಳಿದುಹೋಗಿ, ಸುಣ್ಣದ ಪುಡಿ ಬಿಳಿ ಮರಳಾಗಿ ಹೊರಬೀಳುತ್ತದೆ. ಒಂದು ಮೀಟರಿಗೂ ಮಿಕ್ಕಿ ಬೆಳೆಯುವ, ಹಣೆ ಉಬ್ಬಿದ ದೊಡ್ಡ ಗಿಳಿಮೀನು ಮಾತ್ರ ಜೀವಂತ ಹವಳವನ್ನೂ ಧಾರಾಳವಾಗಿ ತಿನ್ನುತ್ತದೆ. ಅಂತಹ ಒಂದೊಂದು ಮೀನು ವರ್ಷಕ್ಕೆ ಸುಮಾರು 5 ಟನ್ ಸುಣ್ಣಗಲ್ಲನ್ನು ಅರೆಯುತ್ತದೆ.

ಗಂಟಲಿನ ಹಲ್ಲನ್ನು ನೋಡಲು ನೀವು ಕಡಲಿಗೆ ಹೋಗಬೇಕಿಲ್ಲ. ನಿಮ್ಮೂರಿನ ಮಾರುಕಟ್ಟೆಯ ರೋಹು ಅಥವಾ ಕಾಟ್ಲಾದ ದವಡೆಯನ್ನು ಬೆರಳಿನಿಂದ ಸವರಿ ನೋಡಿ, ಒಂದು ಹಲ್ಲೂ ತಾಕುವುದಿಲ್ಲ. ತಲೆಯನ್ನು ಬೇಯಿಸಿದ ಮೇಲೆ ಕಿವಿರುಗಳ ಹಿಂದೆ ಬಿಡಿಸಿದರೆ, ಕುಡುಗೋಲಿನಂತೆ ಬಾಗಿದ ಎರಡು ಮೂಳೆಗಳ ಮೇಲೆ ಸಾಲು ಹಲ್ಲುಗಳು ಸಿಗುತ್ತವೆ.