ಕೊಲಂಬೊಗೆ ಸಮ್ಮೇಳನಕ್ಕೆ ಹೊರಟವರಿಗೆ

ಪ್ರಶ್ನೆ: ಮೇಡಂ, ಮಾರ್ಚ್‌ನಲ್ಲಿ ಕೊಲಂಬೊದ ಬಂಡಾರನಾಯಕೆ ಸ್ಮಾರಕ ಸಭಾಭವನದಲ್ಲಿ ಮೂರು ದಿನದ ಸಮ್ಮೇಳನಕ್ಕೆ ಹೋಗುತ್ತಿದ್ದೇನೆ. ಸಂಜೆಗಳು ಬಿಡುವು, ಕೊನೆಗೆ ಒಂದು ಪೂರ್ತಿ ದಿನ ಸಿಗುತ್ತದೆ. ನಾನು ಸಸ್ಯಾಹಾರಿ, ಹೋಗುತ್ತಿರುವುದು ಒಬ್ಬಳೇ. ಸಿಗಿರಿಯಾ ನೋಡದೆ ಬರಬೇಡ ಅಂತ ಎಲ್ಲರೂ ಹೇಳುತ್ತಾರೆ. ಊಟಕ್ಕೆ ಕಷ್ಟ ಅಂತಲೂ ಹೇಳುತ್ತಾರೆ. ಏನು ಮಾಡಲಿ?
– ಕಾಲೇಜು ಉಪನ್ಯಾಸಕಿ, ಸಾಗರ

ಉತ್ತರ: ಸಿಗಿರಿಯಾ ಈ ಸಲ ಬೇಡ. ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ, ನಡುವೆ ಬಿಸಿಲಲ್ಲಿ ಬಂಡೆ ಹತ್ತಬೇಕು. ಇರುವ ಒಂದು ದಿನ ವ್ಯಾನಿನಲ್ಲೇ ಕಳೆದುಹೋಗುತ್ತದೆ. ಅದಕ್ಕೆಂದೇ ಇನ್ನೊಮ್ಮೆ ಮನೆಯವರ ಜೊತೆ ಹೋಗಿ.

ಊಟದ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಹೋದಾಗ ಮೂರು ದಿನವೂ ಅನ್ನದ ಜೊತೆ ಪೊಲ್ ಸಂಬೋಲ ಹಾಕಿಸಿಕೊಂಡು ತಿಂದಿದ್ದೆ. ಹಸಿ ತೆಂಗಿನತುರಿ, ಒಣಮೆಣಸು, ಈರುಳ್ಳಿ, ನಿಂಬೆ ಸೇರಿಸಿ ಅರೆದ ಕೆಂಪು ಚಟ್ನಿ ಅದು. ನಾಲ್ಕನೆಯ ದಿನ ಅದರಲ್ಲಿ ಮೀನಿದೆ ಅಂತ ಗೊತ್ತಾಯಿತು. ಸಸ್ಯಾಹಾರಿ ಅಂತ ಹೇಳಿಯೇ ತಿಂದಿದ್ದೆ, ತುಂಬಾ ಬೇಜಾರಾಯಿತು. ಬಡಿಸಿದವರದೂ ತಪ್ಪಲ್ಲ. ಉಂಬಲಕಡ ಅಂದರೆ ಅಲ್ಲಿ ಮಸಾಲೆಯ ಲೆಕ್ಕ. ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸುತ್ತಾರೆ. ಅದನ್ನು ಕುಟ್ಟಿ ಹಾಕಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಸೊಪ್ಪಿನ ಪಲ್ಯಕ್ಕೂ ಹಾಕುವುದುಂಟು, ಕೆಲವು ಕಡೆ ಬೇಳೆಗೂ.

ಹಾಗಾಗಿ ‘ವೆಜಿಟೇರಿಯನ್’ ಅಂದರೆ ಸಾಲದು. ‘ಉಂಬಲಕಡ ಎಪಾ’ ಅನ್ನಿ. ಎಪಾ ಅಂದರೆ ಬೇಡ. ಮಾಳು ಎಪಾ, ಮಸ್ ಎಪಾ: ಮೀನು ಬೇಡ, ಮಾಂಸ ಬೇಡ. ಇಷ್ಟು ಸಿಂಹಳ ಕಲಿತರೆ ಊಟದ ಚಿಂತೆ ಮುಕ್ಕಾಲು ಪಾಲು ಮುಗಿದಂತೆ. ಬಡಿಸಿದವರಿಗೆ ‘ಇಸ್ತುತಿ’ ಅನ್ನಿ. ನಮ್ಮ ಸ್ತುತಿಯೇ ಅಲ್ಲಿ ಥ್ಯಾಂಕ್ಸ್ ಆಗಿದೆ.

ಆಮೇಲೆ ನೋಡಿ, ಸಾಗರದವರಿಗೆ ಅದು ಅಪರಿಚಿತ ಊಟವೇ ಅಲ್ಲ. ಗೊಟುಕೊಳ ಅಂದರೆ ನಿಮ್ಮ ಒಂದೆಲಗ. ನೀವು ತಂಬುಳಿ ಮಾಡುತ್ತೀರಿ, ಅವರು ಸಣ್ಣಗೆ ಹೆಚ್ಚಿ ತೆಂಗಿನತುರಿ, ನಿಂಬೆರಸ ಹಾಕಿ ಹಸಿಯಾಗಿಯೇ ಬಡಿಸುತ್ತಾರೆ. ಪೊಲೊಸ್ ಅಂದರೆ ಎಳೆ ಹಲಸಿನಕಾಯಿ. ತೆಂಗಿನಹಾಲಿನಲ್ಲಿ ಗಂಟೆಗಟ್ಟಲೆ ಬೆಂದು ಕಪ್ಪಗಾಗಿ, ಬಾಯಿಗಿಟ್ಟರೆ ಎಳೆಎಳೆಯಾಗಿ ಬಿಡುತ್ತದೆ. ಸಭಾಭವನದ ಬಫೆಯಲ್ಲಿ ನೂಡಲ್ಸ್, ಪಾಸ್ತಾ ಸಿಕ್ಕೀತು. ಒಂದು ದಿನವಾದರೂ ಅದನ್ನು ಬಿಟ್ಟು ಹೊರಗೆ ಬನ್ನಿ. ಹನ್ನೆರಡೂವರೆಗೆ ಆಫೀಸಿನವರು ಸಾಲು ನಿಂತಿರುವ ಸಣ್ಣ ಅಂಗಡಿ ಹುಡುಕಿ, ‘ಬತ್ ಪ್ಯಾಕೆಟ್’ ಕೇಳಿ. ಬತ್ ಅಂದರೆ ಅನ್ನ. ಬಿಸಿ ಅನ್ನ, ಬೇಳೆ, ಎರಡು ಮೂರು ಪಲ್ಯ, ಮೇಲೊಂದು ಹಪ್ಪಳ. ಕೊನೆಗೆ ಮೊಸರು. ಮಣ್ಣಿನ ಕುಡಿಕೆಯಲ್ಲಿ ಹೆಪ್ಪಾದ ಎಮ್ಮೆ ಮೊಸರಿನ ಮೇಲೆ ಕಿತುಲ್ ಪಾಕ ಸುರಿಯುತ್ತಾರೆ. ಕಿತುಲ್ ಅಂದರೆ ನಮ್ಮ ಬೈನೆ ಮರ, ಪಾಕ ಥೇಟ್ ಜೋನಿಬೆಲ್ಲದ ಹಾಗೆ, ಸ್ವಲ್ಪ ಹೊಗೆಯ ವಾಸನೆ ಜಾಸ್ತಿ. ಚಮಚ ಇಳಿಸಿದರೆ ಮೊಸರು ತುಂಡಾಗಿ ಏಳುತ್ತದೆ, ಆ ಗುಂಡಿಗೆ ಕಂದು ಪಾಕ ನಿಧಾನವಾಗಿ ಹರಿದು ಬರುತ್ತದೆ. ದಯವಿಟ್ಟು ಅದನ್ನು ತಿನ್ನದೆ ವಾಪಸ್ ಬರಬೇಡಿ.

ಸುತ್ತಾಟಕ್ಕೆ ಬಂದರೆ, ನ್ಯಾಷನಲ್ ಮ್ಯೂಸಿಯಂ ಸಭಾಭವನಕ್ಕೆ ಹತ್ತಿರ. 1877ರದು. ಸಂಜೆಗೆ ಮುಚ್ಚುತ್ತದೆ, ಮಧ್ಯಾಹ್ನವೇ ಹೋಗಿ. ಅಲ್ಲಿ ಒಂದು ಕಲ್ಲಿದೆ, 1409ರ ಶಾಸನ. ಚೀನಾದ ನೌಕಾಧಿಪತಿ ಝೆಂಗ್ ಹೆ ತಂದು ನಿಲ್ಲಿಸಿದ್ದು. ಚೀನಿ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಕಾಣಿಕೆ ಕೊಟ್ಟ ಲೆಕ್ಕ ಅದರಲ್ಲಿದೆ. ಒಂದೇ ಕಲ್ಲು, ಮೂರು ಲಿಪಿ. ಅಕ್ಷರ ಸವೆದಿವೆ, ಹತ್ತಿರ ನಿಂತು ನೋಡಿ.

ಒಂದು ಸಂಜೆ ಗಾಲ್ ಫೇಸ್ ಬಯಲಿಗೆ ಹೋಗಿ. ಸಮುದ್ರದ ಪಕ್ಕದ ಆ ಕಾಲುದಾರಿಯನ್ನು 1859ರಲ್ಲಿ ಗವರ್ನರ್ ಹೆನ್ರಿ ವಾರ್ಡ್ ಮುಗಿಸಿದ. ಕೊಲಂಬೊದ ಹೆಂಗಸರು, ಮಕ್ಕಳ ಸಲುವಾಗಿ ಇದನ್ನು ಉಳಿಸಿಕೊಳ್ಳಿ ಅಂತ ಮುಂದೆ ಬರುವವರಿಗೆ ಕಲ್ಲಿನಲ್ಲಿ ಬರೆಸಿಟ್ಟ. ಈಗಲೂ ಸಂಜೆಯಾದರೆ ಮಕ್ಕಳು ಗಾಳಿಪಟ ಹಾರಿಸುತ್ತಿರುತ್ತಾರೆ. ನಾನು ಒಬ್ಬಳೇ ಕತ್ತಲಾಗುವ ತನಕ ಕೂತಿದ್ದೇನೆ, ತೊಂದರೆ ಆಗಿಲ್ಲ. ವಾಪಸ್ ಬರುವಾಗ ತ್ರೀವೀಲರ್ ಹತ್ತುವ ಮೊದಲು ಮೀಟರ್ ಕೇಳಿ, ಇಲ್ಲವೇ ಆ್ಯಪ್‌ನಲ್ಲೇ ಕರೆಸಿ.

ಪೂರ್ತಿ ದಿನವನ್ನು ಗಾಲೆಗೆ ಇಡಿ. ಬೆಳಿಗ್ಗೆ ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ರೈಲು, ಸುಮಾರು ಎರಡೂವರೆ ಗಂಟೆ. ಬಲಗಡೆ ಕಿಟಕಿ ಹಿಡಿಯಿರಿ. ಕೆಲವು ಕಡೆ ಹಳಿಗೂ ಅಲೆಗೂ ನಡುವೆ ಕಪ್ಪು ಬಂಡೆಗಳ ಸಾಲು ಮಾತ್ರ. ಹಿಕ್ಕಡುವ ಬರುವ ಮೊದಲು ಪೆರಾಲಿಯ ಅನ್ನುವ ಊರು ಸಿಗುತ್ತದೆ. 2004ರ ಸುನಾಮಿಯಲ್ಲಿ ರೈಲು ಕೊಚ್ಚಿಹೋಗಿ 1700ಕ್ಕೂ ಹೆಚ್ಚು ಜನ ತೀರಿಕೊಂಡದ್ದು ಅಲ್ಲೇ, ಇದೇ ಹಳಿಯ ಮೇಲೆ. ಆ ಜಾಗ ದಾಟುವಾಗ ನನಗೆ ಪ್ರತಿ ಸಲವೂ ಮಾತು ಹೊರಡುವುದಿಲ್ಲ. ಮುಂದೆ ಗಾಲೆ ಕೋಟೆ. ಪೋರ್ಚುಗೀಸರು ಶುರು ಮಾಡಿದ್ದು, ಡಚ್ಚರು ಗಟ್ಟಿ ಮಾಡಿದ್ದು. ಸುನಾಮಿ ದಿನ ಹೊರಗಿನ ಕ್ರಿಕೆಟ್ ಮೈದಾನ ನೀರು ಪಾಲಾಯಿತು, ಗೋಡೆಯ ಒಳಗಿನ ಊರು ಬಹುಪಾಲು ಉಳಿಯಿತು. ಆ ಗೋಡೆಯ ಮೇಲೆ ನಾಲ್ಕು ಗಂಟೆಯ ನಂತರ ನಡೆಯಿರಿ, ಅದಕ್ಕೂ ಮೊದಲು ಬಿಸಿಲು ತಡೆಯಲಾಗದು. ದಾರಿಯಲ್ಲಿ ತಂಬಿಲಿ ಕುಡಿಯಿರಿ, ಕೇಸರಿ ಬಣ್ಣದ ಎಳನೀರು, ನಮ್ಮ ಗೆಂದಾಳಿಯ ಹಾಗೆ. ಕೊನೆಯ ರೈಲಿನ ಸಮಯ ಮಾತ್ರ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನಾನೂ ಕೊಲಂಬೊಗೆ ಹೊರಟಿದ್ದೇನೆ. ಮೀನು ಇಲ್ಲದೆ ಊಟ ಸೇರದು. ಆದರೆ ಬಿಡುವಿನ ದಿನವೇ ಹುಣ್ಣಿಮೆ, ಎಲ್ಲ ಮುಚ್ಚಿರುತ್ತದಂತೆ, ಹೌದಾ?
– ಬ್ಯಾಂಕ್ ಉದ್ಯೋಗಿ, ಕುಮಟಾ

ಉತ್ತರ: ಎಲ್ಲವೂ ಅಲ್ಲ. ಆದರೆ ಅಲ್ಲಿ ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ. ಮದ್ಯ, ಮಾಂಸ ಮಾರುವುದಿಲ್ಲ. ಮೀನಿನ ಆಸೆಯನ್ನು ಹಿಂದಿನ ದಿನವೇ ತೀರಿಸಿಕೊಳ್ಳಿ. ಅಂಬುಲ್ ತಿಯಲ್ ಕೇಳಿ. ಅದರ ಹುಳಿಗೆ ಹಾಕುವ ಗೊರಕ ಬೇರೇನಲ್ಲ, ನಿಮ್ಮೂರಿನ ಉಪ್ಪಾಗೆ. ರಸ ಇರುವುದಿಲ್ಲ, ಟ್ಯೂನಾ ತುಂಡಿಗೆ ಕಪ್ಪು ಮಸಾಲೆ ಅಂಟಿಕೊಂಡಿರುತ್ತದೆ. ಪೋಯ ದಿನ ಕೆಲನಿಯ ದೇವಾಲಯಕ್ಕೆ ಹೋಗಿ. ಬಿಳಿ ಬಟ್ಟೆ ತೊಟ್ಟ ಮನೆಮಂದಿಯೆಲ್ಲ ನೈದಿಲೆ, ತಾವರೆ ಹಿಡಿದು ಬರುತ್ತಾರೆ. ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳಬೇಡಿ. ಚಪ್ಪಲಿ ಹೊರಗೇ ಬಿಡಬೇಕು, ಮಧ್ಯಾಹ್ನ ಅಂಗಳ ಕಾದಿರುತ್ತದೆ. ಬೆಳಿಗ್ಗೆ ಎಂಟರೊಳಗೆ ತಲುಪಿಬಿಡಿ.